ಯಾವ ಬಿಡು?

ಮಾಜಾಳಿಯ ಸಂದೀಪನಿಗೆ ಅವನ ಹೆಂಡತಿಯ ಅಣ್ಣ ಶಿವಾನಂದ ಮೂರು ಸಲ ಹೊಡೆದ. ಮೂರು ಸಲವೂ ನಾನು ಅಲ್ಲಿದ್ದೆ. ಒಮ್ಮೆ ಹೆಣ ಇಳಿಸಿದ ಅಂಗಳದಲ್ಲಿ, ಒಮ್ಮೆ ನಾನೇ ಓಡಿಸುತ್ತಿದ್ದ ಬಸ್ಸಿನಲ್ಲಿ, ಕೊನೆಗೆ ನಮ್ಮೂರ ಗಜನಿ ಗದ್ದೆಯ ಬಾಗಿಲ ಮೇಲೆ. ನೋಡುತ್ತ ನಿಂತೆಯಲ್ಲ, ತಡೆಯಬಾರದಿತ್ತೇ ಎಂದು ಕೇಳುವ ಪುಣ್ಯಾತ್ಮರು ಇದ್ದಾರೆ. ಅಂಥವರು ಶಿವಾನಂದನ ಕೈ ನೋಡಿದವರಲ್ಲ. ಆ ಕೈ ಎದ್ದಾಗ ನಡುವೆ ಹೋದವನಿಗೂ ಪಾಲು ಸಿಗುತ್ತದೆ. ನನ್ನ ಎಡಗಿವಿ ಈಗಲೂ ಸರಿಯಾಗಿ ಕೇಳುವುದಿಲ್ಲ.

ನಾನು ಅಂಕೋಲಾ ಡಿಪೋದ ಡ್ರೈವರ್ ಆಗಿದ್ದವನು. ನಮ್ಮೂರಿಂದ ಅಂಕೋಲಾ, ಕಾರವಾರ, ಅಲ್ಲಿಂದ ಮಾಜಾಳಿ, ತಿರುಗಿ ಅದೇ ದಾರಿ. ಮನೆ ಗಂಗಾವಳಿ ಹೊಳೆಯ ದಡದಲ್ಲಿ, ಶಿವಾನಂದನ ಮನೆಯಿಂದ ಎರಡು ಬೇಲಿ ಆಚೆ. ಬಾಗಿಲಲ್ಲಿ ಜೋತು ಬೀಳುವವರಿಗೂ, ಇಳಿಯುವ ಸ್ಟಾಪು ಬಂದ ಮೇಲೆ ಚೀಲ ಹುಡುಕುವವರಿಗೂ ಬೈದು ಬೈದು ನನ್ನ ಬಾಯಿ ಕೆಟ್ಟಿದೆ. ಆದರೆ ಕಣ್ಣು ಕೆಟ್ಟಿಲ್ಲ. ಜೀವಮಾನವೆಲ್ಲ ಜನರನ್ನು ಕನ್ನಡಿಯಲ್ಲಿ ನೋಡಿದವನು ನಾನು. ಎದುರಿಗೆ ನಿಂತರೆ ಎಲ್ಲರೂ ಒಳ್ಳೆಯವರ ಮುಖ ಮಾಡುತ್ತಾರೆ, ಡ್ರೈವರನ ಕನ್ನಡಿಯಲ್ಲಿ ಮಾತ್ರ ಇದ್ದ ಹಾಗೆ ಇರುತ್ತಾರೆ.

ಸಂದೀಪನನ್ನು ನಾನು ಮೊದಲು ನೋಡಿದ್ದೂ ಆ ಕನ್ನಡಿಯಲ್ಲೇ. ಮಾಜಾಳಿಯ ಮೀನುಗಾರರ ಮನೆಯವನು, ಮನೆಮಾತು ಕೊಂಕಣಿ. ಅಪ್ಪನ ದೋಣಿ ಹತ್ತಲು ಒಲ್ಲೆನೆಂದು ಕಾರವಾರದಲ್ಲಿ ಫಿಟ್ಟರ್ ಕೆಲಸ ಕಲಿತು, ಗೋವೆಯ ವರ್ಕ್‌ಶಾಪೊಂದರಲ್ಲಿ ಕೈ ಪಳಗಿಸಿಕೊಂಡು, ಅಲ್ಲಿಂದ ಗುಜರಾತಿನ ಕಡೆ ಎಣ್ಣೆ ಬಾವಿಗಳ ಒತ್ತಡ ಅಳೆಯುವ ತಂಡ ಸೇರಿದ್ದ. ರಜೆಗೆ ಬಂದಾಗ ನನ್ನ ಹಿಂದಿನ ಮೊದಲ ಸೀಟು ಅವನದು. ಬಾಯಿ ಎಂದರೆ ಬಾಯಿ, ಕಾರವಾರದಲ್ಲಿ ತೆರೆದರೆ ಅವರ್ಸಾ ದಾಟಿದರೂ ಮುಚ್ಚುತ್ತಿರಲಿಲ್ಲ. ಪಕ್ಕದ ಸಾಲಿನಲ್ಲಿ ಜಯಶ್ರೀ ಕೂತಿರುತ್ತಿದ್ದಳು, ಶಿವಾನಂದನ ತಂಗಿ, ಕಾರವಾರದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವಳು. ಅವನು ನನಗೆ ಹೇಳುತ್ತಿದ್ದ ಕಥೆಗಳು ನನಗೆ ಹೇಳಿದ್ದಲ್ಲ ಎಂದು ತಿಳಿಯಲು ನನಗೆ ಒಂದು ಮಳೆಗಾಲ ಹಿಡಿಯಿತು.

ಯಾರಿಗೆ ಹೇಳಿದ್ದಾದರೂ ಕೇಳಿಸಿಕೊಂಡವನು ನಾನು. ಎಣ್ಣೆ ಬಾವಿ ಎಂದರೆ ನೆಟ್ಟಗೆ ಇಳಿದ ತೂತು ಎಂದೇ ನಾನು ತಿಳಿದಿದ್ದೆ. ಈಗಿನವು ಹಾಗಲ್ಲವಂತೆ. ನೆಟ್ಟಗೆ ಇಳಿದು, ಎಣ್ಣೆ ತುಂಬಿದ ಕಲ್ಲಿನ ಪದರು ಸಿಕ್ಕಿದ ಮೇಲೆ ಅಡ್ಡ ತಿರುಗಿ, ಆ ಪದರಿನೊಳಗೇ ಮಲಗಿಕೊಂಡು ಬಹುದೂರ ಹೋಗುತ್ತವೆ. ಅದಕ್ಕೆ ಅಡ್ಡಬಾವಿ ಎಂದು ನಾನೇ ಹೆಸರಿಟ್ಟೆ. ಹರಿಯುತ್ತಿರುವ ಬಾವಿಯ ಬಾಯಿ ಮುಚ್ಚಿ, ಒಳಗಿನ ಒತ್ತಡ ಹೇಗೆ ಏರುತ್ತದೆ ಎಂದು ಗೇಜಿನ ಮುಳ್ಳು ನೋಡುತ್ತ ಕೂರುವುದು ಸಂದೀಪನ ಕೆಲಸ. ಆ ಏರಿಕೆ ನೋಡಿಯೇ ಕಲ್ಲಿನೊಳಗೆ ಏನಿದೆ, ಎಷ್ಟಿದೆ ಎಂದು ಎಂಜಿನಿಯರುಗಳು ತೀರ್ಮಾನಿಸುತ್ತಾರಂತೆ.

ನೆಟ್ಟಗಿನ ಬಾವಿ ಸರಳ ಜೀವ. ಮುಚ್ಚಿದರೆ ಮುಳ್ಳು ಏರುತ್ತದೆ, ಏರುತ್ತ ಏರುತ್ತ ನಿಧಾನವಾಗಿ ನಿಲ್ಲುತ್ತದೆ. ಅಡ್ಡಬಾವಿಗೆ ಬೇರೆ ಬೇರೆ ನಡಿಗೆ. ಮೊದಲು ಪೈಪಿನ ಸುತ್ತಮುತ್ತಲಿನ ಎಣ್ಣೆ ಒತ್ತುತ್ತದೆ, ಮುಳ್ಳು ದಡದಡನೆ ಏರುತ್ತದೆ. ಆಮೇಲೆ ಮೇಲೂ ಕೆಳಗೂ ಗಟ್ಟಿ ಕಲ್ಲು ಅಡ್ಡ ಬಂದು ಎಣ್ಣೆ ಎರಡು ಬದಿಯಿಂದ ಮಾತ್ರ ಬರಬೇಕಾಗುತ್ತದೆ, ಆಗ ಮುಳ್ಳು ನಿಂತೇ ಹೋದಂತೆ ಕಾಣುತ್ತದೆ. ಹೊಸಬರು ಅಲ್ಲಿ ಮೋಸ ಹೋಗುತ್ತಾರೆ. ದೂರದ ಮೂಲೆಯಲ್ಲಿದ್ದದ್ದೆಲ್ಲ ಬಂದು ಸೇರಿದ ಮೇಲೆ ಮುಳ್ಳು ಮತ್ತೆ ಏಳುತ್ತದೆ. ನನ್ನ ಬಸ್ಸಿನ ಏರ್ ಬ್ರೇಕಿನ ಗೇಜು ತೋರಿಸಿ ಅವನು ಹೇಳಿದ ಮಾತು ನನಗೆ ಇನ್ನೂ ನೆನಪಿದೆ.

"ನಡುವಿನ ನಡಿಗೆ ನಂಬೂಕೆ ಆಗೂದಿಲ್ಲ ಡ್ರೈವರಣ್ಣ. ನಿಂತದ್ದಲ್ಲ ಅದು. ದೂರದ್ದು ಇನ್ನೂ ದಾರಿ ಮೇಲೆ ಇರೂದು."

ಇಷ್ಟು ಗೊತ್ತಿದ್ದವನೇ ಆ ನಡಿಗೆಯನ್ನು ಎರಡು ಸಲ ನಂಬಿದ. ಒಮ್ಮೆ ಬಾವಿಯಲ್ಲಿ, ಒಮ್ಮೆ ಶಿವಾನಂದನಲ್ಲಿ.

ಮದುವೆ ಕಾರವಾರದ ರಿಜಿಸ್ಟ್ರಾರ್ ಕಚೇರಿಯಲ್ಲಿ ಆಯಿತು. ಜಾತಿ ಬೇರೆ, ಮನೆಮಾತು ಬೇರೆ, ಶಿವಾನಂದ ಬರಲಿಲ್ಲ. ಅವರ ಅಪ್ಪ ತೀರಿದ ಮೇಲೆ ಮನೆಯನ್ನೂ ಗಜನಿಯನ್ನೂ ಹೆಗಲ ಮೇಲೆ ಹೊತ್ತವನು ಅವನು, ತಂಗಿ ತನ್ನನ್ನು ಕೇಳದೆ ಹೋದಳೆಂಬ ಮುಳ್ಳು ಒಳಗೇ ಮುರಿದಿತ್ತು. ಬಂದದ್ದು ತಾಯಿ ಜಾನಕಕ್ಕ ಮತ್ತು ಕಿರಿಯವನು ಬೊಮ್ಮು. ಈ ಬೊಮ್ಮು ನಮ್ಮ ಕೇರಿಯ ಕಣ್ಮಣಿ. ಮೂವತ್ತರ ಆಳು, ಎತ್ತಿನ ಮೈ, ಯಾರ ಮನೆಯಲ್ಲಿ ಏನು ಎತ್ತುವುದಿದ್ದರೂ ಕರೆಯದೆ ಬರುವವನು. ಬಾವನ ಬಾಯಿಗೆ ಮರುಳಾಗಿ ತಾನೂ ಎಣ್ಣೆ ಬಾವಿಗೆ ಹೋಗುತ್ತೇನೆಂದು ಹಟ ಹಿಡಿದ. ಗದ್ದೆ ಯಾರು ನೋಡುತ್ತಾರೆಂದು ಶಿವಾನಂದ ಕೂಗಾಡಿದ. ಜಾನಕಕ್ಕ ಅಳಿಯನ ಮುಖ ನೋಡಿದಳು. ಅವನನ್ನು ನನ್ನ ಕಣ್ಣೆದುರಿಂದ ಆಚೆ ಬಿಡುವುದಿಲ್ಲ ಅತ್ತೆ ಎಂದು ಸಂದೀಪ ತುಳಸಿಕಟ್ಟೆಯ ಮುಂದೆ ನಿಂತು ಹೇಳಿದ. ಅದು ಸುಳ್ಳಾಗಲಿಲ್ಲ ಎಂಬುದೇ ಸಂಕಟ. ಬೊಮ್ಮು ಸತ್ತದ್ದು ಅವನ ಕಣ್ಣೆದುರಿಗೇ.

ಆ ಸಾವು ತಿಳಿಯಬೇಕಾದರೆ ನಮ್ಮ ಗಜನಿ ತಿಳಿಯಬೇಕು. ಹೊಳೆಯ ಬದಿಯ ತಗ್ಗು ಗದ್ದೆ ಅದು, ಕಡಲು ಉಕ್ಕಿ ಭರತ ಬಂದರೆ ಉಪ್ಪುನೀರು ನುಗ್ಗುತ್ತದೆ. ಅದಕ್ಕೆ ಮಣ್ಣಿನ ದಂಡೆ, ದಂಡೆಯ ನಡುವೆ ಕಲ್ಲಿನ ಕಂಡಿ, ಕಂಡಿಗೆ ಮರದ ಹಲಗೆ. ಅದನ್ನೇ ನಾವು ಬಾಗಿಲು ಎನ್ನುವುದು. ಭರತದಲ್ಲಿ ಹಲಗೆ ಇಳಿಸಬೇಕು, ಇಳಿತದಲ್ಲಿ ಎತ್ತಿ ಒಳಗಿನ ಮಳೆನೀರು ಹೊಳೆಗೆ ಬಿಡಬೇಕು. ದಂಡೆಯ ಮೇಲೊಬ್ಬ ನೀರು ನೋಡುತ್ತಾನೆ, ಬಾಗಿಲಲ್ಲೊಬ್ಬ ಹಗ್ಗ ಹಿಡಿದಿರುತ್ತಾನೆ. ಮೇಲಿನವನು ಬಿಡು ಎಂದು ಕೂಗಿದರೆ ಕೆಳಗಿನವನು ಹಲಗೆ ಎತ್ತುತ್ತಾನೆ. ನಮ್ಮ ಅಜ್ಜಂದಿರ ಕಾಲದಿಂದ ಬಾಗಿಲಲ್ಲಿ ಬಿಡು ಎಂದರೆ ನೀರು ಬಿಡು, ಬೇರೆ ಅರ್ಥ ಇಲ್ಲ. ಬೊಮ್ಮು ನಡೆಯಲು ಕಲಿತದ್ದು ಆ ದಂಡೆಯ ಮೇಲೆ. ಆ ಕೂಗು ಕೇಳಿದರೆ ಅವನ ತಲೆಗಿಂತ ಮೊದಲು ಕೈ ಹೊರಡುತ್ತಿತ್ತು.

ಸಂದೀಪನಿಗೆ ಬಾಗಿಲೂ ಗೊತ್ತಿಲ್ಲ, ಗಜನಿಯೂ ಗೊತ್ತಿಲ್ಲ. ಮನೆಯಲ್ಲಿ ಸೋಡ್ ಎನ್ನುವವರು ಅವರು. ಬಿಸಿ ಪಾತ್ರೆ ಮುಟ್ಟಲು ಹೋದ ಮಗುವಿಗೆ, ಏಡಿ ಹಿಡಿಯಲು ಹೋದ ಹುಡುಗನಿಗೆ ಸೋಡ್, ಸೋಡ್. ಅಂದರೆ ಮುಟ್ಟಬೇಡ, ಕೈ ತೆಗೆ. ಕನ್ನಡದಲ್ಲಿ ಅವನು ಅದನ್ನೇ ಬಿಡು ಎನ್ನುತ್ತಿದ್ದ. ತಪ್ಪಲ್ಲ, ನಾವೂ ಹಾಗೆ ಎನ್ನುತ್ತೇವೆ. ಬಾಗಿಲ ಮೇಲೆ ಮಾತ್ರ ಎನ್ನುವುದಿಲ್ಲ.

ಬೊಮ್ಮು ಸತ್ತ ದಿನ ಗುಜರಾತಿನಲ್ಲಿ ಒಂದು ಅಡ್ಡಬಾವಿಯನ್ನು ಹರಿಸಿ ನೋಡಿ ಬಾಯಿ ಮುಚ್ಚಿದ್ದರು. ಬಾವಿಯಿಂದ ಟ್ಯಾಂಕಿನ ಕಡೆಗೆ ಹೋಗುವ ಲೈನಿನಲ್ಲಿ ಮೇಣ ಕಟ್ಟಿತ್ತು, ಅದನ್ನು ಖಾಲಿ ಮಾಡಿ ಬಿಚ್ಚಿ ತೊಳೆಯಬೇಕು. ಲೈನಿನ ಕೊನೆಯ ದಪ್ಪ ಹೋಸು ಪೈಪನ್ನು ಕಟ್ಟಿಡುವ ಸರಪಳಿಯನ್ನು ಅದಾಗಲೇ ಕಳಚಿದ್ದರು. ಲೈನಿನ ಗೇಜು ಇದ್ದದ್ದು ಸಂದೀಪನ ಎದುರು. ಮುಳ್ಳು ಇಳಿದು ಕೆಳಗೆ ನಿಂತಿತ್ತು. ಬಹಳ ಹೊತ್ತು ನಿಂತೇ ಇತ್ತು. ಆಯಿತು, ಹೋಗು, ಕೀಲು ಸಡಿಲಿಸು ಎಂದು ಅವನೇ ಬೊಮ್ಮುವನ್ನು ಕಳಿಸಿದ. ಬಾವಿಯ ಬಾಯಿಯ ವಾಲ್ವು ಪೂರ್ತಿ ಕೂತಿರಲಿಲ್ಲ, ಮಧ್ಯೆ ಮರಳೋ ಮೇಣವೋ ಸಿಕ್ಕಿಕೊಂಡಿತ್ತು. ಒಳಗಿನ ಬಾವಿ ತನ್ನ ಕೊನೆಯ ನಡಿಗೆಗೆ ಎದ್ದಿತು. ಸಂದೀಪನ ಎದುರು ಮುಳ್ಳು ಒಮ್ಮೆಲೇ ಮೇಲೆ ಹಾರಿತು.

ಅಂಥ ಹೊತ್ತಿನಲ್ಲಿ ಏನು ಕೂಗಬೇಕೆಂದು ಅವರಿಗೆ ಇಂಗ್ಲಿಷಿನಲ್ಲಿ ಕಲಿಸಿರುತ್ತಾರಂತೆ. ಕಲಿಸಿದ್ದು ಯಾರ ಬಾಯಿಗೆ ಬಂದೀತು? ಪ್ರಾಣ ಹೋಗುವಾಗ ಬಾಯಿಗೆ ಬರುವುದು ಮನೆಯ ಮಾತು. ಇಬ್ಬರ ನಡುವಿನ ಮಾತು ಕನ್ನಡ, ಅವನ ಸೋಡ್ ಬಿಡು ಆಗಿ ಬಂತು. ಬಿಡು ಬೊಮ್ಮು, ಬಿಡು ಎಂದು ಅವನು ಗಂಟಲು ಹರಿಯುವಂತೆ ಕೂಗಿದ.

ಬೊಮ್ಮು ಬಿಟ್ಟ. ಕೈಯ ಹತ್ತಿರವೇ ಇದ್ದ, ಹೋಸಿಗೆ ಹೋಗುವ ವಾಲ್ವಿನ ಚಕ್ರವನ್ನು ಎರಡೂ ಕೈಯಿಂದ ತಿರುಗಿಸಿ ತೆರೆದ. ಹೋಸು ನೆಲದಿಂದ ಎದ್ದು ಒಂದು ಸುತ್ತು ಬೀಸಿತು. ಅದರ ತುದಿಯ ಕಬ್ಬಿಣ ಅವನ ಕಪಾಳದ ಮೇಲೆ ಬಂದು ಬಿತ್ತು. ಎರಡನೆಯ ಬೀಸಿಗೆ ಹೊಡೆಯಲು ಅಲ್ಲಿ ಮುಖ ಉಳಿದಿರಲಿಲ್ಲ. ಸಂದೀಪ ಓಡಿಹೋಗಿ ಅವನನ್ನು ಎಳೆಯುವಾಗ ಹೋಸು ಅವನ ಬೆನ್ನಿಗೂ ಬಡಿಯಿತು, ಮೈತುಂಬ ಕರಿ ಎಣ್ಣೆ, ಎಣ್ಣೆಯಲ್ಲಿ ರಕ್ತ. ಯಾರೋ ಬಾವಿಯ ಬಾಯಿಗೆ ಓಡಿ ಇನ್ನೊಂದು ವಾಲ್ವು ಮುಚ್ಚಿದ ಮೇಲೆ ಹೋಸು ಬಿದ್ದುಕೊಂಡಿತು.

ಹೆಣ ಗೋವೆಯ ವಿಮಾನ ನಿಲ್ದಾಣದಿಂದ ಆಂಬುಲೆನ್ಸಿನಲ್ಲಿ ಬಂತು. ಸಂದೀಪ ಅದರ ಜೊತೆಗೇ ಬಂದ. ಮುಖ ತೋರಿಸಬೇಡಿ ಎಂದಿದ್ದರಂತೆ, ಬಟ್ಟೆ ಬಿಗಿಯಾಗಿ ಸುತ್ತಿತ್ತು. ಜಾನಕಕ್ಕ ಬಟ್ಟೆಯ ಮೇಲಿಂದಲೇ ಮಗನ ಮೂಗು ಹುಡುಕುತ್ತಿದ್ದಳು. ಅದು ಅವಳ ಕೈಗೆ ಸಿಗಲಿಲ್ಲ. ಅಂಗಳದ ತುಂಬ ಜನ, ಮೂಲೆಯಲ್ಲಿ ಸೀಳಿದ ಮಾವಿನ ಕಟ್ಟಿಗೆ. ಅಷ್ಟರಲ್ಲಿ ನಮ್ಮ ಕೇರಿಯ ಒಬ್ಬ ದೊಡ್ಡ ಮನುಷ್ಯ, ಹೆಸರು ಬೇಡ, ಅವನಿಗೆ ಹೆಸರಿನ ಯೋಗ್ಯತೆ ಇಲ್ಲ, ಬೊಮ್ಮುಗೆ ಮೊದಲಿಂದ ಅವಸರ, ಕಂಪನಿಯವರೂ ಅವನದೇ ತಪ್ಪು ಅಂದಿದ್ದಾರಂತೆ ಎಂದ.

ಸಂದೀಪ ತಾಳಲಿಲ್ಲ. ತಲೆ ಎತ್ತಿ ಎಲ್ಲರಿಗೂ ಕೇಳುವಂತೆ ಹೇಳಿದ. "ಅವನ ತಪ್ಪಲ್ಲ. ನಾ ಬಿಡು ಹೇಳ್ದೆ. ಅಂವ ಬಿಟ್ಟ."

ಸತ್ತವನ ಮರ್ಯಾದೆ ಉಳಿಸಲು ಆಡಿದ ಮಾತು ಅದು. ಆದರೆ ಕೇಳಿದವರು ಯಾರು? ಗಜನಿಯವರು. ಬಾಗಿಲ ಹಗ್ಗ ಹಿಡಿದು ಬೆಳೆದ ಕಿವಿಗಳು. ತೆರೆ ಎಂದು ಇವನೇ ಹೇಳಿದ, ತೆರೆಸಿ ಕೊಂದ ಎಂದೇ ಅಂಗಳವೆಲ್ಲ ಕೇಳಿಸಿಕೊಂಡಿತು. ನಾನೂ ಹಾಗೇ ಕೇಳಿಸಿಕೊಂಡೆ.

ಶಿವಾನಂದ ಕಟ್ಟಿಗೆಯ ರಾಶಿಯಿಂದ ಒಂದು ಸೀಳು ಎಳೆದ. ಮೊದಲ ಪೆಟ್ಟು ಸಂದೀಪನ ಬಾಯಿಗೆ ಬಿತ್ತು, ಮುಂದಿನ ಹಲ್ಲುಗಳು ಅಂಗಳದ ಸಗಣಿ ನೆಲದ ಮೇಲೆ ಬಿದ್ದವು. ಎರಡನೆಯದು ಭುಜಕ್ಕೆ, ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಅವನು ಕೈ ಅಡ್ಡ ಹಿಡಿಯಲಿಲ್ಲ. ಬಿದ್ದ ಮೇಲೂ ಶಿವಾನಂದ ಹೊಡೆದ. ಬಿಡೋ, ಬಿಡೋ ಎಂದು ಹತ್ತು ಬಾಯಿ ಕೂಗಿದವು, ನಾನು ಹಿಂದಿನಿಂದ ತಬ್ಬಿ ಹಿಡಿದೆ, ಅವನ ಮೊಣಕೈ ನನ್ನ ಕಿವಿಗೆ ಬಂತು. ಜಾನಕಕ್ಕ ಎದ್ದುಬಂದು ಇಬ್ಬರ ನಡುವೆ ಮಲಗಿದ ಮೇಲೆ ಕಟ್ಟಿಗೆ ಕೆಳಗೆ ಬಿತ್ತು. ಅದೇ ಕಟ್ಟಿಗೆಯನ್ನು ಬೊಮ್ಮುವಿನ ಚಿತೆಗೆ ಇಟ್ಟರು.

ಜಯಶ್ರೀ ಮಾಜಾಳಿಗೆ ಹೋಗಲಿಲ್ಲ. ಅವಳನ್ನು ಅಣ್ಣ ಹಿಡಿದಿಟ್ಟ ಎಂದು ಜನ ಆಡಿಕೊಂಡರು, ಅದು ಸುಳ್ಳು. ಅವಳನ್ನು ಹಿಡಿದಿಡುವ ಗಂಡಸು ನಮ್ಮ ತಾಲ್ಲೂಕಿನಲ್ಲಿ ಹುಟ್ಟಿಲ್ಲ. ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಕರೆಯಲು ಬಂದ ಗಂಡನ ಮುಂದೆ ಅವಳು ಒಂದೇ ಮಾತು ಕೇಳಿದಳಂತೆ. "ನನ್ನ ತಮ್ಮಗೆ ಹ್ಯಾಂಗೆ ಕೂಗಿದ್ಯೋ ಹಾಂಗೇ ನನ್ನೆದುರು ಒಮ್ಮೆ ಕೂಗು. ತೆರೆ ಹೇಳಿ ಕೂಗಿದ್ಯೋ, ಮುಟ್ಟಬೇಡ ಹೇಳಿ ಕೂಗಿದ್ಯೋ, ನಂಗೆ ತಿಳೀಬೇಕು." ಸಂದೀಪ ಕೂಗಲಿಲ್ಲ. ಕೂಗಿದರೆ ಬೊಮ್ಮು ಮತ್ತೆ ಚಕ್ರ ತಿರುಗಿಸುತ್ತಾನೆ ಎಂದು ಅನ್ನಿಸಿತಂತೆ. ಅವಳು ಒಳಗೆ ಹೋಗಿ ಕದ ಹಾಕಿಕೊಂಡಳು.

ಅವನಿಗೆ ಆಮೇಲೆ ಬೇರೆ ಯಾವುದೂ ಬೇಕಾಗಲಿಲ್ಲ. ಎಣ್ಣೆ ಬಾವಿಗೆ ತಿರುಗಿ ಹೋಗಲಿಲ್ಲ, ಗೋವೆ ಗಡಿಯಾಚೆ ಮೊದಲಿನ ವರ್ಕ್‌ಶಾಪಿಗೇ ಸೇರಿಕೊಂಡ. ರಜೆ ಸಿಕ್ಕಿದ ದಿನ ನನ್ನ ಬಸ್ಸು ಹತ್ತುತ್ತಿದ್ದ, ಅದೇ ಮೊದಲ ಸೀಟು. ಮಾತು ನಿಂತುಹೋಗಿತ್ತು. ಊರಿಗೆ ಬಂದು ಆ ಮನೆಯ ಬೇಲಿಯ ಹೊರಗೆ ನಿಲ್ಲುವುದು, ಬಿಸಿಲು ಏರಿದರೆ ನಮ್ಮ ಮನೆಯಲ್ಲಿ ನೀರು ಕುಡಿಯುವುದು, ಸಂಜೆಯ ಬಸ್ಸಿಗೆ ಮರಳುವುದು. ಆ ಅಂಗಳಕ್ಕೆ ಮತ್ತೆ ಅಳಿಯನಾಗಿ ಕಾಲಿಡಬೇಕು, ಹೆಂಡತಿಯನ್ನು ಕರೆದುಕೊಂಡು ಹೋಗಬೇಕು, ಅಷ್ಟೇ ಅವನ ಬದುಕು ಆಗಿತ್ತು. ಪೊಲೀಸರಿಗೆ ದೂರು ಕೊಡು ಎಂದು ಮಾಜಾಳಿಯವರು ಹೇಳಿದರೆ, ಯಾರ ಮೇಲೆ ಕೊಡಲಿ ಎಂದು ಕೇಳುತ್ತಿದ್ದನಂತೆ.

ಶಿವಾನಂದ ತಿಂಗಳುಗಟ್ಟಲೆ ಸುಮ್ಮನಿದ್ದ. ಬೇಲಿಯ ಹೊರಗೆ ನಿಂತವನನ್ನು ನೋಡಿಯೂ ನೋಡದ ಹಾಗೆ ಎಮ್ಮೆ ಕಟ್ಟುತ್ತಿದ್ದ. ಒಂದು ದಿನ ಜಾನಕಕ್ಕ ಒಳಗೆ ಕರೆದು ಜಗಲಿಯ ಮೇಲೆ ಕೂರಿಸಿ ಗಂಜಿ ಕೊಟ್ಟಾಗಲೂ ಅವನು ಎದ್ದುಹೋದ, ಅಷ್ಟೇ. ಅಂದು ಬಸ್ಸಿನಲ್ಲಿ ಸಂದೀಪನ ಬಾಯಿ ಬಹಳ ದಿನದ ಮೇಲೆ ತೆರೆಯಿತು. ಬಾವನ ಸಿಟ್ಟು ಇಳಿದಿದೆ ಡ್ರೈವರಣ್ಣ ಎಂದ. ಹಲ್ಲಿಲ್ಲದ ಬಾಯಲ್ಲಿ ನಕ್ಕ. ನಡುವಿನ ನಡಿಗೆಯ ಪಾಠವನ್ನು ನನಗೆ ಹೇಳಿಕೊಟ್ಟವನೇ ನೀನು, ಮರೆತೆಯಾ ಎಂದು ಕೇಳಬೇಕೆನಿಸಿತು. ನಗುವವನ ಬಾಯಿ ಮುಚ್ಚಿಸಲು ಮನಸ್ಸು ಬರಲಿಲ್ಲ.

ವರ್ಷದ ತಿಥಿ ಹತ್ತಿರ ಬಂದಿತ್ತು. ತಿಥಿಯ ಸಾಮಾನು ತರುತ್ತಿದ್ದ ಶಿವಾನಂದ ಅಂಕೋಲಾ ಸ್ಟಾಪಿನಲ್ಲಿ ನನ್ನ ಬಸ್ಸು ಹತ್ತಿದ. ಮೊದಲ ಸೀಟಿನಲ್ಲಿದ್ದ ಸಂದೀಪ ಎದ್ದು ಜಾಗ ಕೊಟ್ಟ. ಕೊಟ್ಟು ಸುಮ್ಮನಿದ್ದರೆ ಆಗಿತ್ತು. ತಿಥಿಗೆ ತಾನೂ ಬರುತ್ತೇನೆ ಬಾವ, ಹಳೆಯದನ್ನೆಲ್ಲ ಬಿಡು ಎಂದುಬಿಟ್ಟ.

ಕನ್ನಡಿಯಲ್ಲಿ ನಾನು ಶಿವಾನಂದನ ಮುಖ ನೋಡಿದೆ. ಅದು ಬಣ್ಣ ಕಳೆದುಕೊಂಡಿತು. ಮರುಗಳಿಗೆ ಅವನು ಸಂದೀಪನ ಕೂದಲು ಹಿಡಿದು ಮುಂದಿನ ಸರಳಿಗೆ ಹಣೆ ಚಚ್ಚಿದ. ಒಮ್ಮೆ ಅಲ್ಲ, ಬಸ್ಸು ನಿಲ್ಲುವವರೆಗೂ ಚಚ್ಚಿದ. ತಿಥಿಯ ಅಕ್ಕಿ ನೆಲದ ಮೇಲೆ ಚೆಲ್ಲಿ ಕೆಂಪಾಯಿತು. ಅದೇ ಮಾತು ಆಡಿದೆಯಾ, ನನ್ನ ಎದುರಿಗೆ ಅದೇ ಮಾತು ಆಡಿದೆಯಾ ಎಂದು ಪ್ರತಿ ಪೆಟ್ಟಿಗೂ ಕೇಳುತ್ತಿದ್ದ. ನಾನು ಜಾಕಿನ ಸಲಾಕೆ ತೆಗೆದುಕೊಂಡು ಹಿಂದೆ ಬಂದೆ. ಇನ್ನೊಂದು ಪೆಟ್ಟು ಬಿದ್ದರೆ ನಿನ್ನ ಕೈ ಮುರಿಯುತ್ತೇನೆ, ಇದು ನನ್ನ ಬಸ್ಸು ಎಂದೆ. ಅವನು ಇಳಿದು ನಡೆದುಹೋದ. ಸಂದೀಪನ ಹಣೆಗೆ ಹೊಲಿಗೆ ಬಿದ್ದವು. ಆಗಲೂ ದೂರು ಕೊಡಲಿಲ್ಲ. ನನಗೆ ಅವನ ಮೇಲೆ ಸಿಟ್ಟು ಬಂತು, ನಿಜ ಹೇಳುತ್ತೇನೆ. ಹೊಡೆಸಿಕೊಳ್ಳುವವನ ತಾಳ್ಮೆ ಕೆಲವೊಮ್ಮೆ ಹೊಡೆಯುವವನ ಸಿಟ್ಟಿಗಿಂತ ಹೆಚ್ಚು ಕಾಡುತ್ತದೆ.

ಮರುವರ್ಷ ನಾನು ನಿವೃತ್ತನಾದೆ. ಆ ಮಳೆಗಾಲ ಹೊಳೆ ಕೇಡು ಹಿಡಿದಂತೆ ಬಂತು. ಎಡೆಬಿಡದೆ ಮಳೆ ಹೊಡೆದು ಗಜನಿಯೊಳಗೆ ಎದೆಮಟ್ಟ ನೀರು, ಕಗ್ಗ ಭತ್ತದ ಸಸಿ ಮುಳುಗಿ ಕೊಳೆಯುವ ಹೊತ್ತು. ಇಳಿತ ಶುರುವಾದ ಕೂಡಲೇ ಹಲಗೆ ಎತ್ತಿ ನೀರು ಹೊರಗೆ ಹಾಕದಿದ್ದರೆ ಆ ವರ್ಷದ ಅನ್ನ ಹೋದಂತೆ. ಬೆಳಗಿನ ಇಳಿತಕ್ಕೆ ಶಿವಾನಂದ ಬಾಗಿಲಿಗೆ ಹೋದ. ಮೊದಲು ಅವನೂ ಬೊಮ್ಮುವೂ ಸೇರಿ ಮಾಡುತ್ತಿದ್ದ ಕೆಲಸ, ಈಗ ಅವನೊಬ್ಬನೇ. ನಾನು ನನ್ನ ಗದ್ದೆಯ ಅಂಚಿನಲ್ಲಿ ಕಂಡಿ ಕಟ್ಟುತ್ತಿದ್ದೆ. ದಂಡೆಯ ಮೇಲೆ ಸಂದೀಪ ಬರುವುದು ಕಂಡಿತು. ಇವನಿಗೆ ಸಾಯುವ ಹುಚ್ಚು ಎಂದುಕೊಂಡು ನಾನೂ ಅತ್ತ ಹೆಜ್ಜೆ ಹಾಕಿದೆ.

ಹಲಗೆ ಅರ್ಧ ಎದ್ದು ಕೆಸರಿನಲ್ಲಿ ಕಚ್ಚಿಕೊಂಡಿತ್ತು. ಶಿವಾನಂದ ಹಗ್ಗವನ್ನು ಗೂಟಕ್ಕೆ ಸುತ್ತಿ, ಹಾರೆಯಿಂದ ಹಲಗೆಯ ಅಡಿ ಮೀಟುತ್ತಿದ್ದ. ಒಬ್ಬನಿಂದ ಆಗದು ಬಾವ, ನಾ ಹಗ್ಗ ಹಿಡೀತೆ ಎಂದು ಸಂದೀಪ ಹತ್ತಿರ ಹೋದ. ಬೊಮ್ಮುವಿನ ಜಾಗದಲ್ಲಿ ಹೋಗಿ ನಿಂತ. ಅದೇ ಸಾಕಾಯಿತು. ಶಿವಾನಂದ ಹಾರೆಯನ್ನು ಅಡ್ಡ ಬೀಸಿದ. ಅದು ಸಂದೀಪನ ಎಡ ಪಕ್ಕೆಗೆ ಬಿತ್ತು, ಬಗ್ಗಿದವನ ಬೆನ್ನಿಗೆ ಮತ್ತೊಂದು. ಅಂದು ಮೊದಲ ಸಲ ಸಂದೀಪ ತಿರುಗಿ ಬಿದ್ದ. ರಕ್ತ ಉಗುಳುತ್ತ ಶಿವಾನಂದನ ಸೊಂಟ ಹಿಡಿದು ಗೂಟಕ್ಕೆ ಗುದ್ದಿದ. ಇಬ್ಬರೂ ಕಲ್ಲಿನ ಮೇಲೆ ಉರುಳಾಡಿದರು, ಒಬ್ಬ ಇನ್ನೊಬ್ಬನ ಕತ್ತು ಹಿಸುಕಿದ, ಅವನು ಇವನ ಕೈ ಕಚ್ಚಿದ. ಮನುಷ್ಯರು ಹಾಗೆ ಹೊಡೆದಾಡುವುದನ್ನು ನಾನು ಕಂಡಿರಲಿಲ್ಲ. ಮೀಟಿದ ಕೆಸರು ಅಷ್ಟರಲ್ಲಿ ಸಡಿಲಾಗಿತ್ತು, ಉರುಳಾಟದಲ್ಲಿ ಗೂಟದ ಹಗ್ಗವೂ ಕಳಚಿತು. ಶಿವಾನಂದ ಜಾರಿ ಗದ್ದೆಯ ಬದಿಯ ನೀರಿಗೆ ಬಿದ್ದ, ಸೆಳೆತ ಅವನ ಕಾಲುಗಳನ್ನು ಹಲಗೆಯ ಅಡಿಗೆ ಎಳೆಯಿತು, ಹಲಗೆ ಅವನ ತೊಡೆಯ ಮೇಲೆ ಇಳಿಯಿತು.

ಓಡುತ್ತಿದ್ದ ಹಗ್ಗವನ್ನು ಸಂದೀಪ ಹಿಡಿದ. ಮುರಿದ ಪಕ್ಕೆ, ಹಿಂದೆ ಮುರಿದು ಕೂಡಿದ ಭುಜ, ಅಂಗೈ ಸುಲಿದು ಹಗ್ಗ ಕೆಂಪಾಯಿತು. ಆದರೂ ಹಿಡಿದ. ಗದ್ದೆಯ ನೀರೆಲ್ಲ ಬೆನ್ನ ಮೇಲೆ ಒತ್ತಿ ಶಿವಾನಂದನನ್ನು ಹಲಗೆಗೆ ಅದುಮುತ್ತಿತ್ತು. ನೀರು ಗದ್ದ ಮುಟ್ಟಿತ್ತು. ಅವನು ಬಾಯಿ ಮೇಲೆತ್ತಿ ಕೂಗಿದ.

"ಬಿಡು. ಬಿಡೋ."

ಹಗ್ಗ ಕೈಬಿಟ್ಟರೆ ಹಲಗೆ ಬಿದ್ದು ತೊಡೆ ನುಚ್ಚಾಗುತ್ತದೆ, ಅವನು ಅಲ್ಲೇ ಮುಳುಗುತ್ತಾನೆ. ಹಲಗೆ ಎತ್ತಿದರೆ ಕಾಲು ಬಿಡುತ್ತದೆ, ಆದರೆ ನೀರು ಅವನನ್ನು ಕಂಡಿಯಿಂದ ಹೊಳೆಗೆ ಎಸೆಯುತ್ತದೆ. ಅಥವಾ ನನ್ನನ್ನು ಮುಟ್ಟಬೇಡ, ಸಾಯಲು ಬಿಡು ಎಂದು ಸಿಟ್ಟಿನಲ್ಲಿ ಕೂಗಿದ್ದೂ ಇರಬಹುದು, ಶಿವಾನಂದ ಅಂಥವನೇ. ಸಂದೀಪ ಹಗ್ಗ ಬಿಟ್ಟಿದ್ದರೆ ಊರಿನಲ್ಲಿ ಯಾರೂ ಅವನನ್ನು ಬೈಯುತ್ತಿರಲಿಲ್ಲ. ಬಿಡು ಎಂದವನು ಅವನೇ ಅಲ್ಲವೇ? ನಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಹೇಳುವುದಿಲ್ಲ. ಸಂದೀಪ ಕದಲಲಿಲ್ಲ. ಹಗ್ಗ ಒಂದು ಬೆರಳೂ ಮೇಲೆ ಹೋಗಲಿಲ್ಲ, ಕೆಳಗೆ ಇಳಿಯಲಿಲ್ಲ. ಬಾಯಿಯ ರಕ್ತ ಹಗ್ಗದ ಮೇಲೆ ಸೋರುತ್ತಿತ್ತು.

"ಯಾವ ಬಿಡು, ಬಾವ?" ಎಂದ. "ಎತ್ತೂದೋ, ಕೈ ಬಿಡೂದೋ? ಸರಿ ಮಾಡಿ ಹೇಳು. ಹೇಳೂ ತನಕ ನಾ ಹಿಡ್ಕಂಡಿರ್ತೆ."

ಶಿವಾನಂದ ತಲೆ ಎತ್ತಿ ಸಂದೀಪನನ್ನು ನೋಡಿದ. ನೀರು ತುಟಿಗೆ ಬಂದಿತ್ತು. ಆ ಕಣ್ಣುಗಳಲ್ಲಿ ಸಾವಿನ ಹೆದರಿಕೆ ಇತ್ತು, ಅದರ ಹಿಂದೆ ಮತ್ತೊಂದು ಏನೋ ಏಳುವುದನ್ನು ನಾನು ಕಂಡೆ. ಕನ್ನಡಿ ಇಲ್ಲದೆ ನಾನು ಒಬ್ಬ ಮನುಷ್ಯನ ಮುಖ ಓದಿದ್ದು ಅದೊಂದೇ ಸಲ.

"ಎತ್ತು" ಎಂದ.

ನಾನು ಹೊಳೆಯ ಬದಿಗೆ ಇಳಿದು ಕಲ್ಲಿಗೆ ಕಾಲು ಕೊಟ್ಟು ನಿಂತೆ. ಸಂದೀಪ ಮೈಯೆಲ್ಲ ಹಿಂದಕ್ಕೆ ಎಸೆದು ಹಗ್ಗ ಎಳೆದ. ಹಲಗೆ ಎದ್ದಿತು, ನೀರು ಗುಂಡಿನಂತೆ ನುಗ್ಗಿತು, ಅದರೊಳಗಿಂದ ಬಂದ ಶಿವಾನಂದನ ಅಂಗಿ ನನ್ನ ಕೈಗೆ ಸಿಕ್ಕಿತು. ಅಂಗಿ ಹರಿಯಿತು, ಕೂದಲು ಹಿಡಿದೆ. ದಂಡೆಗೆ ಎಳೆದು ಹಾಕಿದಾಗ ಅವನ ಬಲಗಾಲು ಇರಬಾರದ ಕಡೆಗೆ ತಿರುಗಿತ್ತು. ಮೇಲೆ ಸಂದೀಪ ಹಗ್ಗವನ್ನು ಗೂಟಕ್ಕೆ ಸುತ್ತಿ, ಎರಡು ಗಂಟು ಹಾಕಿ, ಆಮೇಲೆ ಬಿದ್ದ. ಗಜನಿಯ ನೀರು ಮಧ್ಯಾಹ್ನದವರೆಗೂ ಹೊಳೆಗೆ ಹೋಯಿತು, ಸಸಿ ಉಳಿಯಿತು.

ಕಾರವಾರದ ಆಸ್ಪತ್ರೆಯಲ್ಲಿ ಇಬ್ಬರಿಗೂ ಒಂದೇ ವಾರ್ಡು, ನಡುವೆ ಒಂದು ಮಂಚ. ಜಾನಕಕ್ಕನೂ ಜಯಶ್ರೀಯೂ ಬಂದರು. ಯಾರಿಗೆ ಯಾರು ಏನು ಮಾಡಿದರು ಎಂದು ಮುದುಕಿ ನನ್ನನ್ನು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಶಿವಾನಂದ ಗೋಡೆಯ ಕಡೆ ಮುಖ ಮಾಡಿಕೊಂಡು ಮಾತಾಡಿದ.

"ನಾನೂ ಅದೇ ಕೂಗ್ದೆ ಅವ್ವಿ. ಬಿಡು ಹೇಳಿಯೇ ಕೂಗ್ದೆ. ಬ್ಯಾರೆ ಮಾತು ಬಾಯಿಗೆ ಬರ್ಲೇ ಇಲ್ಲ." ಮುಖ ತಿರುಗಿಸದೆಯೇ ಮತ್ತೆ ಹೇಳಿದ. "ಇಂವ ಯಾವ ಬಿಡು ಹೇಳಿ ಕೇಳ್ದ. ನಮ್ಮ ಬೊಮ್ಮುಗೆ ಕೇಳೂಕೆ ಪುರ್ಸೊತ್ತು ಸಿಕ್ಕಲಿಲ್ಲ."

ಆಮೇಲೆ ಆ ದೊಡ್ಡ ದೇಹ ಮಂಚ ಅಲುಗುವಂತೆ ಅತ್ತಿತು. ತಮ್ಮ ಸತ್ತ ದಿನವೂ ಅವನು ಅತ್ತಿರಲಿಲ್ಲ. ಜಯಶ್ರೀ ಅಣ್ಣನ ಬಳಿ ಹೋಗಲಿಲ್ಲ. ಗಂಡನ ಮಂಚದ ಹತ್ತಿರ ಹೋಗಿ ಅವನ ಸುಲಿದ ಅಂಗೈಯನ್ನು ತಿರುಗಿಸಿ ನೋಡುತ್ತ ನಿಂತಳು.

ನಮ್ಮ ಬಾಗಿಲಲ್ಲಿ ಈಗ ಯಾರೂ ಬಿಡು ಎನ್ನುವುದಿಲ್ಲ. ಎತ್ತು ಎನ್ನುತ್ತೇವೆ, ಇಳಿಸು ಎನ್ನುತ್ತೇವೆ. ಯಾರೂ ನಿಯಮ ಮಾಡಿದ್ದಲ್ಲ. ಸಂದೀಪ ಭರತದ ದಿನ ನೋಡಿಕೊಂಡು ಮಾಜಾಳಿಯಿಂದ ಬಂದು ಹಗ್ಗ ಹಿಡಿಯುತ್ತಾನೆ, ಶಿವಾನಂದ ಕುಂಟುತ್ತ ದಂಡೆಯ ಮೇಲೆ ನಿಂತು ನೀರು ನೋಡುತ್ತಾನೆ. ಇಬ್ಬರ ನಡುವೆ ಬೇರೆ ಮಾತು ಹೆಚ್ಚು ಇಲ್ಲ.

ಜಯಶ್ರೀ ಮಾಜಾಳಿಗೆ ಹೊರಟ ದಿನ ನಾವೆಲ್ಲ ಸ್ಟಾಪಿಗೆ ಹೋಗಿದ್ದೆವು. ಬಸ್ಸು ಬಂತು, ಹೊಸ ಡ್ರೈವರು, ಅವಸರದವನು, ಹಾರ್ನ್ ಮೇಲೆ ಹಾರ್ನ್. ಸಂದೀಪ ಚೀಲ ಹಿಡಿದು ಹತ್ತಿದ್ದ. ಮೆಟ್ಟಿಲ ಮೇಲೆ ನಿಂತ ಮಗಳ ಕೈಯನ್ನು ಜಾನಕಕ್ಕ ಕೆಳಗಿನಿಂದ ಗಟ್ಟಿಯಾಗಿ ಹಿಡಿದಿದ್ದಳು. ಒಬ್ಬನನ್ನು ಕಳಿಸಿ ಬಟ್ಟೆ ಸುತ್ತಿದ ಹೆಣ ತಿರುಗಿ ಪಡೆದವಳು, ಬೆರಳು ಸಡಿಲಿಸಲು ಅವಳಿಂದ ಆಗಲಿಲ್ಲ. ಶಿವಾನಂದ ಕೋಲು ಊರಿಕೊಂಡು ಹತ್ತಿರ ಬಂದು ತಾಯಿಯ ಕೈ ಮೇಲೆ ತನ್ನ ಕೈ ಇಟ್ಟ.

"ಬಿಡವ್ವಿ" ಎಂದ.

ಮುದುಕಿ ಮಗನ ಮುಖವನ್ನೊಮ್ಮೆ ನೋಡಿ ಕೈ ಬಿಟ್ಟಳು.